ಗಾಳಿಯ ಸರ್ಜ್ ಚೇಂಬರ್: ಡ್ಯಾಂ ತುಂಬಿದಾಗಲೂ ಲೆಕ್ಕ ಹಾಕಿ

ಸೈಕಲ್ ಪಂಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿಕೆ ತಳ್ಳಿ ನೋಡಿ. ಮೊದಲು ಸಲೀಸು, ಆಮೇಲೆ ಕೈ ಮುಂದಕ್ಕೇ ಹೋಗಲ್ಲ. ಜಲವಿದ್ಯುತ್ ಕೇಂದ್ರದಲ್ಲಿ ಡ್ಯಾಂನ ನೀರು ಸುರಂಗದಲ್ಲಿ ಟರ್ಬೈನ್‌ಗೆ ಬರುತ್ತದೆ. ಹರಿವು ಹಠಾತ್ ಬದಲಾದರೆ ಆ ಆಘಾತ ತಾಳಿಕೊಳ್ಳಲು ಸುರಂಗಕ್ಕೊಂದು ಟ್ಯಾಂಕ್ ಬೇಕು, ಅದೇ ಸರ್ಜ್ ಟ್ಯಾಂಕ್. ನಾರ್ವೆಯವರು ಪಂಪಿನ ಉಪಾಯವನ್ನೇ ಬಂಡೆಯೊಳಗೆ ಮಾಡಿದರು. ಬೆಟ್ಟದ ಮೇಲಿನವರೆಗೆ ಸರ್ಜ್ ಶಾಫ್ಟ್ (ಮೇಲೆ ತೆರೆದ ಬಾವಿಯಂಥ ಟ್ಯಾಂಕ್) ಕೊರೆಯುವ ಬದಲು ಸುರಂಗದ ಪಕ್ಕದಲ್ಲೇ ಗುಹೆ ತೋಡಿ, ಕಂಪ್ರೆಸರ್‌ನಿಂದ ಗಾಳಿ ತುಂಬಿದರು. 1973ರ ಡ್ರೀವಾ ವಿದ್ಯುತ್ ಕೇಂದ್ರದ್ದು ಮೊದಲನೆಯದು.

ಹೆಡ್ (ಟರ್ಬೈನ್‌ನಿಂದ ಮೇಲಕ್ಕೆ ನೀರಿನ ಎತ್ತರ) ತಗ್ಗಿದರೆ, ಟರ್ಬೈನ್‌ಗೆ ನೀರು ಹೆಚ್ಚು ಕಡಿಮೆ ಮಾಡುವ ಗವರ್ನರ್ ಪವರ್ ಉಳಿಸಲು ಜಾಸ್ತಿ ನೀರು ಎಳೆಯುತ್ತದೆ. ಅದರಿಂದ ಟ್ಯಾಂಕಿನ ನೀರಿನ ತೂಗಾಟ (ಏರಿಳಿತ) ಇನ್ನೂ ಬೆಳೆಯಬಹುದು. ಅದನ್ನು ತಡೆಯಲು ಟ್ಯಾಂಕಿನ ಅಡ್ಡಳತೆ (ಅಡ್ಡ ಸೀಳಿದಾಗ ಕಾಣುವ ವಿಸ್ತೀರ್ಣ) ಕನಿಷ್ಠ ಎಷ್ಟಿರಬೇಕು ಎಂದು 1910ರಲ್ಲಿ ಇಂಜಿನಿಯರ್ ತೋಮಾ ಲೆಕ್ಕ ಕೊಟ್ಟರು. ಗಾಳಿಯ ಚೇಂಬರ್‌ಗೆ ಅದನ್ನು ಹೊಂದಿಸಿದವರು ಸ್ವೇ, 1972ರಲ್ಲಿ.

ನಾನು ಟ್ರೋಂಡ್‌ಹೈಮ್‌ನಲ್ಲಿ ಓದುವಾಗ ಮಾಡಿದ ಲೆಕ್ಕವನ್ನೇ ತೋರಿಸುತ್ತೇನೆ. ಸುರಂಗ 5,000 ಮೀಟರ್ ಉದ್ದ, ಅಡ್ಡಳತೆ 30 ಚದರ ಮೀಟರ್, ಹೆಡ್ 400 ಮೀಟರ್. ನೀರಿನ ವೇಗ ಸೆಕೆಂಡಿಗೆ 1 ಮೀಟರ್ ಇದ್ದಾಗ ಘರ್ಷಣೆಯಲ್ಲಿ ಹೋಗುವ ಹೆಡ್ 1.8 ಮೀಟರ್. ಇಲ್ಲಿ ಸುರಂಗ ನುಣುಪಾಗಿದೆ ಎಂದೇ ಹಿಡಿಯಿರಿ. ಒರಟು ಗೋಡೆ ತೂಗಾಟ ತಗ್ಗಿಸುತ್ತದೆ, ಅದನ್ನು ನಂಬಿ ಕೂರಬಾರದು. ತೋಮಾ ಲೆಕ್ಕದಂತೆ (9.81 ಎಂದರೆ ಗುರುತ್ವ) 5,000 × 30 ಅನ್ನು 2 × 9.81 × 1.8 × 400ರಿಂದ ಭಾಗಿಸಿದರೆ 10.6 ಚದರ ಮೀಟರ್. ಸುರಕ್ಷತೆಗೆ ಒಂದೂವರೆ ಪಟ್ಟು ಇಟ್ಟುಕೊಂಡರೆ 16.

ಈಗ ಗಾಳಿ. ಚೇಂಬರ್‌ನ ಒತ್ತಡ 250 ಮೀಟರ್ ನೀರಿನಷ್ಟು. ಹೊರಗಿನ ಗಾಳಿಯ 10 ಸೇರಿಸಿ 260. ಈ 10 ಮರೆಯುವವರೇ ಜಾಸ್ತಿ! ತೂಗಾಟ ಬೇಗ ನಡೆಯುವುದರಿಂದ ಗಾಳಿಯ ಬಿಸಿ ಹೊರಹೋಗಲು ಸಮಯವಿಲ್ಲ, ಅದಕ್ಕೇ ಗಾಳಿಗೆ 1.4 ಗುಣಕ. 1.4 × 260 = 364. ಒಳಗಿನ ನೀರಿನ ಮೇಲ್ಮೈ 400 ಚದರ ಮೀಟರ್. ಗಾಳಿ ನೀರನ್ನು ಒತ್ತಿ ತಡೆಯುವುದರಿಂದ ಚೇಂಬರ್ ಇದಕ್ಕಿಂತ ಚಿಕ್ಕ ತೆರೆದ ಟ್ಯಾಂಕಿನಂತೆ ವರ್ತಿಸುತ್ತದೆ. ಅದು 16ರ ಟ್ಯಾಂಕಿನಂತಿರಲು 1/16ರಿಂದ 1/400 ಕಳೆದರೆ 0.06. 364 ÷ 0.06, ಅಂದರೆ ಸುಮಾರು 6,070 ಘನ ಮೀಟರ್ ಗಾಳಿ.

ಇಷ್ಟು ಬರೆದು ಖುಷಿಯಾಗಿ ಹೋದೆ. ಗೈಡ್ ಕೇಳಿದರು, "ಡ್ಯಾಂ ತುಂಬಿದಾಗ?" ತೆರೆದ ಟ್ಯಾಂಕಿಗೆ ಕಡಿಮೆ ಹೆಡ್ಡೇ ಕಷ್ಟ ಅಲ್ವಾ, ಅದೇ ಅಭ್ಯಾಸದಲ್ಲಿದ್ದೆ. ನೀರು 30 ಮೀಟರ್ ಏರಿದರೆ ಒತ್ತಡ 290. ಇದು ನಿಧಾನಕ್ಕೆ ಆಗುವುದು, ಗಾಳಿಯ ಬಿಸಿಯು ಬಂಡೆಗೆ ಹೋಗಿಬಿಡುತ್ತದೆ, 1.4 ಬೇಡ: ಗಾಳಿ 5,440ಕ್ಕೆ ಕುಗ್ಗುತ್ತದೆ. ಆಮೇಲೆ ತೂಗಾಟಕ್ಕೆ ಮತ್ತೆ 1.4 ಹಾಕಿದರೆ 16 ಇದ್ದದ್ದು 13. ಹೆಡ್ 430 ಆಗುವುದರಿಂದ ತೋಮಾ ಲೆಕ್ಕವೂ 9.9ಕ್ಕೆ ಇಳಿಯುತ್ತದೆ ನಿಜ, ಆದರೆ ಒಂದೂವರೆ ಪಟ್ಟು 1.3 ಆಯಿತು.

ಗಾಳಿ ಸೇರಿಸಿ ಮತ್ತೆ 6,070ಕ್ಕೆ ತಂದರೆ 1.46 ಪಟ್ಟು ಸಿಗುತ್ತದೆ. ಆದರೆ ಡ್ಯಾಂ ಇಳಿದಾಗ ಅದೇ ಗಾಳಿ 700 ಘನ ಮೀಟರ್ ಹಿಗ್ಗಿ ಚೇಂಬರ್‌ನ ನೀರನ್ನು 1.75 ಮೀಟರ್ ಕೆಳಕ್ಕೆ ದೂಡುತ್ತದೆ. ತೂಗಾಟದ ಇಳಿತ ಅದರ ಮೇಲೆ ಬೇರೆ. ಎರಡೂ ಸೇರಿದ ಮೇಲೂ ತಳದಲ್ಲಿ ನೀರು ನಿಲ್ಲುವಷ್ಟು ಆಳ ಬಿಡಿ, ಇಲ್ಲದಿದ್ದರೆ ಗಾಳಿ ಸುರಂಗಕ್ಕೆ ನುಗ್ಗುತ್ತದೆ.

ಬಂಡೆ ಸೋರಿದರೂ ದಾರಿಯಿದೆ. ನಾರ್ವೆಯ ಕ್ವಿಲ್‌ಡಾಲ್ ವಿದ್ಯುತ್ ಕೇಂದ್ರದಲ್ಲಿ ಚೇಂಬರ್ ಮೇಲೆ ಬೋರ್ ಹೊಡೆದು, ಗಾಳಿಗಿಂತ ಜಾಸ್ತಿ ಒತ್ತಡದಲ್ಲಿ ನೀರು ಬಿಟ್ಟರು. ಸೋರಿಕೆ ನಿಂತಿತು.