ಮ್ಯಾಮೊಗ್ರಾಮ್‌ಗೆ ಹೊರಡುವ ಮುಂಚೆ

ಸ್ತನದಲ್ಲಿ ಗಂಟು ಕೈಗೆ ಸಿಕ್ಕ ಮೇಲೆ ನೋಡಿದರಾಯ್ತು ಅಂತ ಕೂರಬೇಡಿ. ಮ್ಯಾಮೊಗ್ರಾಮ್ ಅಂದರೆ ಸ್ತನದ ಎಕ್ಸ್‌ರೇ. ಕೈಗೆ ಸಿಗದಷ್ಟು ಸಣ್ಣ ಗಡ್ಡೆಯೂ ಅದರಲ್ಲಿ ಕಾಣಬಹುದು. 40 ದಾಟಿದ ಮೇಲೆ ಎಷ್ಟು ವರ್ಷಕ್ಕೊಮ್ಮೆ ಬೇಕು ಅಂತ ಡಾಕ್ಟರನ್ನು ಕೇಳಿ. ತಾಯಿಗೋ ಅಕ್ಕನಿಗೋ ಸ್ತನ ಕ್ಯಾನ್ಸರ್ ಬಂದಿದ್ದರೆ ಇನ್ನೂ ಮೊದಲೇ ಕೇಳಿ.

ಮುಟ್ಟಿನ ಹಿಂದಿನ ವಾರ ಸ್ತನ ನೋಯುತ್ತಿರುತ್ತದೆ, ಅಲ್ವಾ? ಮುಟ್ಟು ಮುಗಿದ ವಾರ ಹೋಗಿ. ಆ ದಿನ ಪೌಡರ್, ಡಿಯೋಡರೆಂಟ್ ಬೇಡ. ನಮ್ಮ ಕರಾವಳಿಯ ಸೆಕೆಗೆ ಇದು ಕಷ್ಟವೇ, ಆದರೆ ಅದರ ಕಣಗಳು ಫಿಲ್ಮಿನಲ್ಲಿ ಬಿಳಿ ಚುಕ್ಕೆಗಳಾಗಿ ಕಾಣುತ್ತವೆ, ಕ್ಯಾನ್ಸರ್ ಶುರುವಾಗುವಾಗ ಕೆಲವೊಮ್ಮೆ ಕಾಣುವ ಸುಣ್ಣದ ಚುಕ್ಕೆಗಳೂ ಹಾಗೇ ಇರುವುದರಿಂದ ಗೊಂದಲವಾಗುತ್ತದೆ. ಸೊಂಟದ ಮೇಲಿನ ಬಟ್ಟೆ ಮಾತ್ರ ತೆಗೆಯಬೇಕು. ಸ್ತನವನ್ನು ಯಂತ್ರದ ಎರಡು ಪ್ಲೇಟುಗಳ ನಡುವೆ ಕೆಲವೇ ಸೆಕೆಂಡು ಒತ್ತುತ್ತಾರೆ. ತುಂಬ ನೋವಾದರೆ ಹೇಳಿ, ನಾಚಿಕೆ ಬೇಡ.

ಶಿರಸಿಯಿಂದ ಹುಬ್ಬಳ್ಳಿಗೋ, ಭಟ್ಕಳದಿಂದ ಮಣಿಪಾಲಕ್ಕೋ ಹೋಗುವವರು ಮೊದಲು ಫೋನ್ ಮಾಡಿ ದಿನ ಖಚಿತ ಮಾಡಿಕೊಳ್ಳಿ. ಸುಮ್ನೆ ಅಷ್ಟು ದೂರ ಹೋಗಿ ಬರುವುದು ತಪ್ಪುತ್ತದೆ. ಹಳೆಯ ಫಿಲ್ಮುಗಳನ್ನು ಮರೆಯದೆ ಒಯ್ಯಿರಿ. ಹೋದ ಸಲ ಇಲ್ಲದ್ದು ಈಗ ಬಂದಿದೆಯಾ ಅಂತ ನೋಡಲು ಅವು ಬೇಕೇ ಬೇಕು.

ರಿಪೋರ್ಟಿನಲ್ಲಿ ಬೈರಾಡ್ಸ್ ಅಂತ ಒಂದು ಅಂಕಿ ಇರುತ್ತದೆ, ಕ್ಯಾನ್ಸರಿನ ಅನುಮಾನ ಎಷ್ಟಿದೆ ಅಂತ ಅದು ಹೇಳುತ್ತದೆ. 1, 2 ಇದ್ದರೆ ಭಯವಿಲ್ಲ. 0 ಅಂದರೆ ಇನ್ನಷ್ಟು ಚಿತ್ರ ಬೇಕು ಅಂತ, ಅಷ್ಟೇ. 3 ಇದ್ದರೆ ಸಾಮಾನ್ಯವಾಗಿ 6 ತಿಂಗಳಿಗೆ ಮತ್ತೆ ಕರೆಯುತ್ತಾರೆ. 4, 5 ಬಂದರೆ ಬಯಾಪ್ಸಿ, ಅಂದರೆ ಅಲ್ಲಿಂದ ಸಣ್ಣ ಚೂರು ತೆಗೆದು ಮಾಡುವ ಪರೀಕ್ಷೆ, ಮುಂದೂಡಬೇಡಿ. ಸ್ತನ ದಟ್ಟವಾಗಿದ್ದರೆ (ಕೊಬ್ಬು ಕಡಿಮೆ, ಗ್ರಂಥಿಗಳು ಹೆಚ್ಚು) ಗಡ್ಡೆ ಮರೆಯಾಗಬಹುದು, ಅಲ್ಟ್ರಾಸೌಂಡ್ ಬೇಕಾ ಅಂತ ಕೇಳಿ. ರಿಪೋರ್ಟ್ ಚೆನ್ನಾಗಿದ್ದರೂ ಕೈಗೆ ಗಂಟು ಸಿಗುತ್ತಿದ್ದರೆ ಡಾಕ್ಟರಿಗೆ ತೋರಿಸಲೇಬೇಕು.