ಕಾರವಾರ ಬಿಡದೆ ಚಾನೆಲ್ ಕೆಲಸ ಹಿಡಿದದ್ದು

ಬೆಂಗಳೂರಿಗೆ ಹೋಗಿ ಸುದ್ದಿ ತಿದ್ದುವ ಡೆಸ್ಕ್‌ನಲ್ಲಿ ಎರಡು ವರ್ಷ ಕೂರದೆ ಚಾನೆಲ್ ಕೆಲಸ ಸಿಗೋದಿಲ್ಲ ಅಂತ ನನಗೆ ಹೇಳದವರಿಲ್ಲ. ಈಗ ಕಾರವಾರದ ಕೋಡಿಬಾಗದ ಮನೆಯಲ್ಲೇ ಇದ್ದು ತಿಂಗಳ ಸಂಬಳ ತಗೊಳ್ತಿದ್ದೇನೆ. ಸ್ವಲ್ಪ ಜಂಬ ಕೊಚ್ಚಿಕೊಂಡರೆ ಬೇಜಾರು ಮಾಡ್ಕೋಬೇಡಿ.

ರೆಸ್ಯೂಮೆ ಕಳಿಸೋದನ್ನು ಬಿಟ್ಟೆ. ಬುಲೆಟಿನ್‌ಗೆ ನೇರ ಹಾಕಬಹುದಾದ ಸರಕು ಕಳಿಸಿದೆ. ಇಷ್ಟೇ.

ಹೇಳೋಕೆ ಸುಲಭ, ದುಡ್ಡು ಮಾತ್ರ ನೀರಿನಂತೆ ಹರಿಯಿತು. ಸೆಕೆಂಡ್ ಹ್ಯಾಂಡ್ ಕ್ಯಾಮ್‌ಕಾರ್ಡರ್‌ಗೆ 60 ಸಾವಿರದ ಹತ್ತಿರ, ಮೈಕು, ಟ್ರೈಪಾಡಿಗೆ ಇನ್ನೊಂದು 15. ಮೊದಲು ಸ್ಟ್ರಿಂಗರ್ (ಸಂಬಳವಿಲ್ಲದೆ ಸ್ಟೋರಿ ಲೆಕ್ಕದಲ್ಲಿ ದುಡಿಯುವವ) ಆಗಿದ್ದ ಚಾನೆಲ್ ಒಂದು ಸ್ಟೋರಿಗೆ ಮುನ್ನೂರು ಚಿಲ್ಲರೆ ಕೊಡುತ್ತಿತ್ತು. ಜೋಯಿಡಾಕ್ಕೆ ಹೋಗಿ ಬಂದರೆ ಪೆಟ್ರೋಲಿಗೇ ಸಾಲದು. ಅದರಲ್ಲೂ ಸುಮಾರು 20 ಸಾವಿರ ಬಾಕಿ ಇಟ್ಟುಕೊಂಡು ಫೋನ್ ಎತ್ತೋದನ್ನೇ ಬಿಟ್ಟರು. ಆಕಾಶವಾಣಿಯಲ್ಲಿ ಕ್ಯಾಶುವಲ್ ಅನೌನ್ಸರ್ ಆಗುವ ಆಸೆಯೂ ಇತ್ತು. ತಿಂಗಳಿಗೆ ಹೆಚ್ಚೆಂದರೆ ಆರು ಡ್ಯೂಟಿ. ಮನೆ ನಡೆಯೋಲ್ಲ ಅಂತ ಕೈಬಿಟ್ಟೆ.

ಹೊಟ್ಟೆ ಹೊರೆದದ್ದು ಯಕ್ಷಗಾನದ ನೇರಪ್ರಸಾರ. ಶಿರಸಿ, ಸಿದ್ದಾಪುರ ಕಡೆ ರಾತ್ರಿಗೆ ಎಂಟು ಹತ್ತು ಸಾವಿರ, ಗೆಳೆಯನ ಜೊತೆ ಪಾಲು. ಚಂಡೆ ಬಿದ್ದ ಕೂಡಲೇ ಆಡಿಯೋ ಒಡೆಯುತ್ತಿತ್ತು. ದನಿ ಮಿತಿ ಮೀರದಂತೆ ತಡೆಯುವ ಲಿಮಿಟರ್ ನಂಬಿ ಏನೂ ಆಗಲಿಲ್ಲ. ಭಾಗವತರಿಗೊಂದು, ಚಂಡೆಗೊಂದು ಮೈಕು ಕೊಟ್ಟು ಚಂಡೆಯದ್ದಕ್ಕೆ ಸಿಗ್ನಲ್ ತಗ್ಗಿಸುವ ಪ್ಯಾಡ್ ಹಾಕಿದ ಮೇಲೆ ಸರಿಹೋಯಿತು. ಎರಡು ವರ್ಷಕ್ಕೊಮ್ಮೆ ಬರುವ ಶಿರಸಿ ಮಾರಿಕಾಂಬಾ ಜಾತ್ರೆಯಲ್ಲಿ ಅಂಗಡಿ ಲೈಟುಗಳು ಮಿಣುಕದೆ ಬಂದದ್ದು ಶಟರ್ ಸೆಕೆಂಡಿನ 1/50ಕ್ಕೆ ಇಟ್ಟಿದ್ದರಿಂದ, ನಮ್ಮ ಕರೆಂಟಿನ 50 ಹರ್ಟ್ಸ್‌ಗೆ ಅದು ಹೊಂದುತ್ತೆ. ಪಕ್ಕದಲ್ಲಿದ್ದವರ ವಿಷುವಲ್ಸ್ ನೋಡಬೇಕಿತ್ತು!

ಟ್ಯಾಗೋರ್ ಕಡಲತೀರದ ಗಾಳಿಯ ಸದ್ದು ಮೈಕಿಗೆ ಬೀಳದಂತೆ ಒಂದು ಪ್ರಯೋಗ ಮಾಡಿದೆ. ಕಂಬಳಿ ತುಂಡು ಸುತ್ತಿದೆ, ದನಿ ಮಂಕಾಯಿತು. ಆಟಿಕೆ ಕರಡಿಯ ತುಪ್ಪಳ ಬಿಚ್ಚಿ ಮೈಕಿಗೆ ಹೊಲಿದೆ. ಅಂಗಡಿಯದ್ದಕ್ಕಿಂತ ಚೆನ್ನಾಗಿದೆ. ಖರ್ಚು ನೂರು ರೂಪಾಯಿ, ಅಕ್ಕನ ಮಗಳ ಅಳು ಬೇರೆ.

ಡೆಸ್ಕ್‌ನವರಿಗೆ ಕಳಿಸುವಾಗ ಒಂದೇ ಉದ್ದ ಫೈಲ್ ಬೇಡ. 8 ಎಂಬಿಪಿಎಸ್‌ನಲ್ಲಿ (ಸೆಕೆಂಡಿಗೆ 8 ಮೆಗಾಬಿಟ್, ಅಂದರೆ 1 ಎಂಬಿ) 90 ಸೆಕೆಂಡ್ ಅಂದರೆ ಹೆಚ್ಚುಕಡಿಮೆ 90 ಎಂಬಿ. ಮಳೆಗಾಲದಲ್ಲಿ ನಮ್ಮ ನೆಟ್‌ವರ್ಕ್ ಗೊತ್ತಲ್ವಾ? ಐದಾರು ತುಂಡು ಮಾಡುತ್ತೇನೆ, ಮುಖ್ಯ ಶಾಟ್ ಮೊದಲು. ಬೈಟ್, ಅಂದರೆ ಜನ ಆಡಿದ ಮಾತು ಒಂದು ಟ್ರ್ಯಾಕ್, ಸುತ್ತಲಿನ ಸದ್ದು (ಆಂಬಿಯನ್ಸ್) ಇನ್ನೊಂದು. ಸ್ಕ್ರಿಪ್ಟ್ ಯೂನಿಕೋಡ್‌ನಲ್ಲಿ. ‘ನುಡಿ’ ತಂತ್ರಾಂಶದ ಹಳೆ ಫಾಂಟ್‌ನಲ್ಲಿ ಕಳಿಸಿದರೆ ಅಲ್ಲಿ ಅಕ್ಷರ ಬರೋದಿಲ್ಲ, ಕಸ ಬರುತ್ತೆ. ಮತ್ತೆ ಟೈಪ್ ಮಾಡೋಕೆ ಯಾರಿಗೆ ಪುರುಸೊತ್ತು?

2024ರ ಆಗಸ್ಟ್ 7ರ ನಸುಕಿನಲ್ಲಿ ಕಾಳಿ ನದಿಯ ಹಳೆ ಸೇತುವೆ ಕುಸಿದು ಲಾರಿ ನೀರಿಗೆ ಬಿದ್ದದ್ದು ಎಲ್ಲರಿಗೂ ನೆನಪಿದೆ. ನನ್ನ ಮನೆ ಹತ್ತಿರ, ಬ್ಯಾಟರಿ ಚಾರ್ಜ್ ಆಗಿತ್ತು. ಕತ್ತಲಲ್ಲಿ ಕ್ಯಾಮೆರಾದ ಗೇನ್ (ಬೆಳಕು ಹಿಗ್ಗಿಸುವ ಸೆಟ್ಟಿಂಗ್) ಏರಿಸಿದರೆ ಚಿತ್ರದ ತುಂಬ ಧೂಳಿನಂಥ ಚುಕ್ಕಿ ಕಾಣುತ್ತೆ. ಅದಕ್ಕೇ ರಕ್ಷಣೆಗೆ ಬಂದವರ ಟಾರ್ಚು, ವಾಹನಗಳ ಹೆಡ್‌ಲೈಟ್ ಬಿದ್ದ ಕಡೆಯಷ್ಟೇ ಹಿಡಿದೆ. ಇನ್ನೊಂದು ಚಾನೆಲ್‌ಗೆ ಮೊದಲ ತುಂಡು ಹೋದ ಸ್ವಲ್ಪ ಹೊತ್ತಿಗೇ ಅವರು ಫೋನೋ, ಅಂದರೆ ಫೋನ್‌ನಲ್ಲೇ ನೇರ ವರದಿ ಕೇಳಿದರು. ಲಾರಿ ಚಾಲಕನನ್ನು ರಕ್ಷಿಸಿದ್ದಾರೆ ಅಂತ ಖಾತ್ರಿಯಾದ ಮೇಲಷ್ಟೇ ಹೇಳಿದೆ. ಬೇರೆಯವರು ಅಷ್ಟರಲ್ಲಿ ಏನೇನೋ ಲೆಕ್ಕ ಕೊಡುತ್ತಿದ್ದರು. ಆ ಚಾನೆಲ್‌ನಿಂದ ಆಮೇಲೆ ಒಂದೊಂದೇ ಕೆಲಸ ಬಂತು, ಕೊನೆಗೆ ಜಿಲ್ಲಾ ವಿಡಿಯೋ ಜರ್ನಲಿಸ್ಟ್ ಹುದ್ದೆ.

ದೇವಿಮನೆ ಘಟ್ಟದಲ್ಲಿ ಯಾವ ತಿರುವಿನಲ್ಲಿ ಯಾವ ಸಿಮ್ ಹಿಡಿಯುತ್ತೆ, ಸುದ್ದಿ ತರಿಸಿಕೊಳ್ಳುವ ಇನ್‌ಪುಟ್ ಡೆಸ್ಕ್‌ನಲ್ಲಿ ಯಾವ ಹೊತ್ತಿಗೆ ಮೇಲ್ ತೆರೆಯುತ್ತಾರೆ ಅನ್ನೋದನ್ನು ಮಾತ್ರ ಹೇಳೋದಿಲ್ಲ. ನಾಳೆ ನೀವೇ ನನ್ನ ಪಕ್ಕ ಟ್ರೈಪಾಡ್ ಹಾಕಿದರೆ ಕಷ್ಟ.

ಈಗ ಕೈಗೆ 24 ಸಾವಿರದ ಆಸುಪಾಸು, ಪೆಟ್ರೋಲ್ ದುಡ್ಡು ಬೇರೆ ಕೊಡುತ್ತಾರೆ. ಕ್ಯಾಮೆರಾ ನನ್ನದೇ ಅಲ್ವಾ, ಅದಕ್ಕೆ ಬಾಡಿಗೆ ಕೇಳಿದ್ದೇನೆ. ಮೊದಲು ಆಗಲ್ಲ ಅಂದರು, ಈಗ ನೋಡೋಣ ಅನ್ನುವಲ್ಲಿಗೆ ಬಂದಿದ್ದಾರೆ.