ನೇತ್ರಾಣಿಗೆ ಹೋಗಿ ಘಟ್ಟ ಹತ್ತುವವರು ಬೋಟಿನವರನ್ನು ಆರಿಸುವ ಬಗೆ

ಕೊಡಗಿನಿಂದ ಸ್ಕೂಬಾ ಡೈವಿಂಗ್‌ಗೆ ವಾರಾಂತ್ಯದಲ್ಲಿ ಹೋಗಿ ಬರಬಹುದಾದ ಜಾಗವೆಂದರೆ ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪ. ಮಡಿಕೇರಿಯಿಂದ ಸಂಪಾಜೆ ಇಳಿದು ಸುಳ್ಯ, ಪುತ್ತೂರು, ಮಂಗಳೂರು, ಉಡುಪಿ, ಭಟ್ಕಳ ಹಾದು ಹೋದರೆ ಹೆಚ್ಚುಕಡಿಮೆ 300 ಕಿಲೋಮೀಟರ್. ಅಲ್ಲಿಂದ ಸಮುದ್ರದಲ್ಲಿ ಇನ್ನೂ 19 ಕಿಲೋಮೀಟರಿನಷ್ಟು ದೋಣಿಯ ದಾರಿ. ಮಳೆಗಾಲದಲ್ಲಿ ದೋಣಿ ಹೊರಡುವುದಿಲ್ಲ. ನೀರು ತಿಳಿಯಾಗಿರುವ ಡಿಸೆಂಬರ್, ಜನವರಿ ನಮ್ಮಲ್ಲಿ ಕಾಫಿ ಕೊಯ್ಲಿನ ದಿನಗಳು. ತೋಟದವರು ಆಗ ಮನೆ ಬಿಟ್ಟು ಕದಲುವಂತಿಲ್ಲ. ನಾನು ಸಹಕಾರ ಬ್ಯಾಂಕಿನ ನೌಕರ, ನನಗೆ ಎರಡನೇ ಶನಿವಾರ ರಜೆ ಇದೆ. ಆದರೆ ನನ್ನ ಜೊತೆ ಬರುವ ಬಾವನಿಗೂ ಗೆಳೆಯರಿಗೂ ತೋಟವಿದೆ. ಹಾಗಾಗಿ ಅರೇಬಿಕಾ ಮುಗಿದು ರೋಬಸ್ಟಾ ಕೈಗೆ ಬರುವ ನಡುವಿನ ಸಣ್ಣ ಬಿಡುವು, ಇಲ್ಲವೇ ರೋಬಸ್ಟಾವೂ ಮುಗಿದ ಮೇಲಿನ ದಿನಗಳು ಮಾತ್ರ ನಮಗೆ ಒದಗುತ್ತವೆ. ಅಷ್ಟು ಕಷ್ಟಪಟ್ಟು ಹೊಂದಿಸಿಕೊಂಡ ದಿನವನ್ನು ಯಾರ ಕೈಗೆ ಒಪ್ಪಿಸಬೇಕು ಎನ್ನುವುದು ನನಗೆ ದೊಡ್ಡ ವಿಷಯ.

ಎಲ್ಲರ ಜಾಹೀರಾತೂ ಒಂದೇ ತರಹ ಇರುತ್ತದೆ. ನೀಲಿ ನೀರು, ಹೆಬ್ಬೆರಳು ಎತ್ತಿದ ಪ್ರವಾಸಿ, ಉಚಿತ ಫೋಟೊ, ವಿಡಿಯೊ. ದರದಲ್ಲೂ ಹೇಳಿಕೊಳ್ಳುವಂತಹ ವ್ಯತ್ಯಾಸ ಇರುವುದಿಲ್ಲ. ಆದ್ದರಿಂದ ನಾನು ನೋಡುವುದು ಬೇರೆ: ಬೋಟಿನವರು ಯಾವ ಮಾತಿಗೆ 'ಆಗುವುದಿಲ್ಲ' ಎನ್ನುತ್ತಾರೆ? ಬಂದ ಗಿರಾಕಿಯ ಹಣವನ್ನು ಬೇಡವೆನ್ನಬಲ್ಲವನ ಜೊತೆಗೆ ಮಾತ್ರ ನೀರಿಗಿಳಿಯುವ ಧೈರ್ಯ ನನಗೆ ಬರುತ್ತದೆ.

ಇದನ್ನು ಕಲಿಸಿದ್ದು ಫೋನಿನ ಎರಡು ಮಾತುಕತೆ. ನಮ್ಮ ತಂಡದ ಗೆಳೆಯನೊಬ್ಬನಿಗೆ ಚಿಕ್ಕಂದಿನಿಂದ ಆಸ್ತಮಾ. ಚಳಿ ಹೆಚ್ಚಾದಾಗ ಇನ್‌ಹೇಲರ್ ಬೇಕು. ನಾನು ಮೊದಲು ಫೋನ್ ಮಾಡಿದ ಕಡೆ ಈ ವಿಷಯ ಹೇಳಿದರೆ, "ಅದೆಲ್ಲ ಏನೂ ಆಗುವುದಿಲ್ಲ ಸರ್, ಮುಂಗಡ ಹಾಕಿಬಿಡಿ, ಸೀಟು ಖಾಲಿಯಾಗುತ್ತಿದೆ" ಎಂದರು. ಎರಡನೆಯ ಕಡೆ ಫೋನ್ ಎತ್ತಿದವರು ನಾನು ಕೇಳುವ ಮೊದಲೇ ಒಂದೊಂದಾಗಿ ವಿಚಾರಿಸತೊಡಗಿದರು. ಯಾರಿಗಾದರೂ ಆಸ್ತಮಾ, ಮೂರ್ಛೆರೋಗ, ಹೃದಯದ ತೊಂದರೆ ಇದೆಯೇ? ಕಿವಿಯ ಶಸ್ತ್ರಚಿಕಿತ್ಸೆ ಆಗಿದೆಯೇ? ಈಗ ಶೀತ ಇದೆಯೇ? ಗೆಳೆಯನ ವಿಷಯ ಹೇಳಿದೆ. "ಹಾಗಿದ್ದರೆ ವೈದ್ಯರ ಪತ್ರ ಇಲ್ಲದೆ ಅವರನ್ನು ಇಳಿಸುವುದಿಲ್ಲ ಅಣ್ಣ. ಬೋಟಿನಲ್ಲಿ ಬರಲಿ, ಲೈಫ್ ಜಾಕೆಟ್ ಹಾಕಿಕೊಂಡು ಬಾಯಿಗೆ ಕೊಳವೆ ಇಟ್ಟುಕೊಂಡು ನೀರಿನ ಮೇಲೆಯೇ ತೇಲುತ್ತಾ ಸ್ನಾರ್ಕೆಲ್ ಮಾಡಲಿ" ಎಂದರು. ಗೆಳೆಯ ಮುಖ ಗಂಟಿಕ್ಕಿಕೊಂಡ. ನಾನು ಅಲ್ಲಿಯೇ ಮುಂಗಡ ಕಟ್ಟಿದೆ.

ಅವರು ಹಾಗೆ ಹಟ ಹಿಡಿಯಲು ಕಾರಣವಿದೆ. ನೀರಿನಲ್ಲಿ ಹತ್ತು ಮೀಟರ್ ಇಳಿದರೆ ಒತ್ತಡ ಮೇಲಿನದರ ಎರಡರಷ್ಟಾಗುತ್ತದೆ. ಅಲ್ಲಿ ಎಳೆದುಕೊಂಡ ಉಸಿರು ಮೇಲೆ ಬರುವಷ್ಟರಲ್ಲಿ ಎರಡರಷ್ಟು ಹಿಗ್ಗುತ್ತದೆ. ಉಸಿರು ಬಿಡುತ್ತಾ ಬಂದರೆ ಚಿಂತೆಯಿಲ್ಲ. ಉಸಿರುನಾಳ ಬಿಗಿದುಕೊಂಡು ಗಾಳಿ ಒಳಗೇ ಸಿಕ್ಕಿಬಿದ್ದರೆ ಶ್ವಾಸಕೋಶವೇ ಹರಿಯಬಹುದು. ಈಜು ಬರುತ್ತದೋ ಇಲ್ಲವೋ ಎನ್ನುವುದಕ್ಕಿಂತ ಈ ಪ್ರಶ್ನೆ ದೊಡ್ಡದು.

ಆ ಫೋನಿನಲ್ಲಿ ಕೊನೆಗೆ ಬಂದ ಪ್ರಶ್ನೆ ನಮ್ಮಂತಹವರಿಗೆಂದೇ ಇದ್ದಂತಿತ್ತು. "ಯಾವ ಊರಿನವರು? ಡೈವ್ ಮುಗಿಸಿ ಎಲ್ಲಿಗೆ ಹೋಗುತ್ತೀರಿ?" ಮಡಿಕೇರಿ ಎಂದೆ. "ಹಾಗಾದರೆ ಭಾನುವಾರದ ಬೋಟು ನಿಮಗೆ ಬೇಡ, ಶನಿವಾರ ಬನ್ನಿ."

ಡೈವ್ ಮಾಡಿದ ದಿನ ವಿಮಾನ ಹತ್ತಬಾರದು ಎನ್ನುವುದನ್ನು ಹಲವರು ಕೇಳಿರುತ್ತಾರೆ. ನೀರಿನಡಿಯ ಒತ್ತಡದಲ್ಲಿ ಉಸಿರಾಡಿದಾಗ ರಕ್ತಕ್ಕೂ ಅಂಗಾಂಶಗಳಿಗೂ ಹೆಚ್ಚು ಸಾರಜನಕ ಸೇರಿಕೊಳ್ಳುತ್ತದೆ, ಅದು ನಿಧಾನವಾಗಿ ಹೊರಹೋಗಬೇಕು. ಅದಕ್ಕೆ ಮೊದಲೇ ಗಾಳಿಯ ಒತ್ತಡ ಕಡಿಮೆ ಇರುವ ಕಡೆ ಏರಿದರೆ ಅದು ದೇಹದೊಳಗೇ ಗುಳ್ಳೆಗಟ್ಟಿ ಕೀಲುನೋವು, ಮರಗಟ್ಟುವಿಕೆ, ಇನ್ನೂ ಗಂಭೀರ ತೊಂದರೆಗಳನ್ನು ತರಬಹುದು. ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಎಂಬ ಸಂಸ್ಥೆಯ ಸಲಹೆಯಂತೆ, ಒಂದೇ ಸಾಮಾನ್ಯ ಡೈವ್ ಆದರೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚಾದರೆ ಕನಿಷ್ಠ 18 ಗಂಟೆ ಕಾಯಬೇಕು. ಆ ಸಲಹೆ ಅನ್ವಯಿಸುವ ಎತ್ತರ 2,000 ಅಡಿಯಿಂದ ಶುರುವಾಗುತ್ತದೆ. ಮಡಿಕೇರಿ ಇರುವುದು ಸುಮಾರು 3,800 ಅಡಿಯಲ್ಲಿ! ವಿಮಾನವೇ ಆಗಬೇಕಿಲ್ಲ, ಕಾರಿನಲ್ಲಿ ಸಂಪಾಜೆ ಘಟ್ಟ ಹತ್ತಿದರೂ ದೇಹಕ್ಕೆ ಅದೇ ಲೆಕ್ಕ. ಘಟ್ಟ ಹತ್ತುವಾಗ ಕಿವಿ ಮುಚ್ಚಿಕೊಂಡು ಪಟ್ಟೆಂದು ಬಿಡುವುದು ನಮಗೆಲ್ಲ ಎಷ್ಟು ರೂಢಿಯಾಗಿದೆಯೆಂದರೆ, ಅಲ್ಲಿ ಗಾಳಿಯ ಒತ್ತಡ ಇಳಿಯುತ್ತಿದೆ ಎಂಬ ಯೋಚನೆಯೇ ಬರುವುದಿಲ್ಲ. ಮೊದಲ ಬಾರಿ ಇಳಿಯುವವರು ಹೋಗುವುದು ಹೆಚ್ಚೆಂದರೆ 12 ಮೀಟರ್ ಆಳಕ್ಕೆ, ಅದೂ ಸ್ವಲ್ಪವೇ ಹೊತ್ತು. ಅವರಿಗೆ ಅಪಾಯ ಕಡಿಮೆ ಎನ್ನುವುದು ನಿಜ. ಹಾಗಿದ್ದರೂ ಭಾನುವಾರ ಮಧ್ಯಾಹ್ನ ನೀರಿನಿಂದ ಎದ್ದು ಅದೇ ರಾತ್ರಿ ಘಟ್ಟ ಹತ್ತುವುದನ್ನು ನಾನು ಒಪ್ಪುವುದಿಲ್ಲ. ಮಡಿಕೇರಿ, ಸೋಮವಾರಪೇಟೆ ಕಡೆಯವರೆಲ್ಲ ಈ ಒಂದು ವಿಷಯವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಲೇಬೇಕು ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಇನ್ನು ಹವಾಮಾನ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಕರಾವಳಿಯ ಅಲೆಯ ಎತ್ತರ, ಗಾಳಿಯ ವೇಗಗಳ ಮುನ್ಸೂಚನೆ ಕೊಡುತ್ತದೆ. ಹೊರಡುವ ಹಿಂದಿನ ದಿನ ಅದನ್ನು ನೋಡುತ್ತೇನೆ, ನೋಡಿ ಬೋಟಿನವರಿಗೆ ಫೋನ್ ಮಾಡುತ್ತೇನೆ. ಸಮುದ್ರ ಎದ್ದಿದ್ದರೆ ದೋಣಿ ಬಿಡುತ್ತೀರಾ, ರದ್ದಾದರೆ ಹಣ ಹಿಂದಿರುಗಿಸುತ್ತೀರಾ ಎಂದು ನೇರವಾಗಿ ಕೇಳುತ್ತೇನೆ. ಹಣ ಹಿಂದಿರುಗಿಸುವ ನಿಯಮವನ್ನು ಮೊದಲೇ ಬರೆದು ಕಳುಹಿಸುವವರು ಕೆಟ್ಟ ಸಮುದ್ರದಲ್ಲಿ ದೋಣಿ ಬಿಡುವ ಆಸೆಗೆ ಬೀಳುವುದು ಕಡಿಮೆ. ಮಧ್ಯಾಹ್ನದ ಹೊತ್ತಿಗೆ ಕಡಲಗಾಳಿ ಎದ್ದು ಅಲೆ ಹೆಚ್ಚಾಗುತ್ತದೆ, ಆದ್ದರಿಂದ ಬೆಳಿಗ್ಗೆ ಬೇಗ ಹೊರಡುವವರೇ ವಾಸಿ.

ಮುರುಡೇಶ್ವರ ತಲುಪಿದ ಮೇಲೆ ದೋಣಿ ಹತ್ತುವ ಮೊದಲು ನಾನು ತೋರಿಸಿ ಎಂದು ಕೇಳುವ ಮೊದಲ ವಸ್ತು ತುರ್ತಿಗೆಂದು ಇಡುವ ಆಮ್ಲಜನಕದ ಕಿಟ್. ಇದೆ ಎಂದರೆ ಸಾಲದು, ಪೆಟ್ಟಿಗೆ ತೆರೆದು ತೋರಿಸಬೇಕು. ನಾವು ಹೋದವರು ಬೇಸರಪಡದೆ ತೆರೆದರು. ಹಸಿರು ಚೀಲದೊಳಗೆ ಸಿಲಿಂಡರು, ಮುಖಕ್ಕೆ ಹಾಕುವ ಮಾಸ್ಕ್. ಕವಾಟ ತಿರುಗಿಸಿ ಒತ್ತಡದ ಮುಳ್ಳು ಮೇಲೇರುವುದನ್ನು ತೋರಿಸಿ ಮತ್ತೆ ಮುಚ್ಚಿದರು. ತೊಂದರೆಯಾದರೆ ಯಾವ ಆಸ್ಪತ್ರೆಗೆ ಕರೆದೊಯ್ಯುತ್ತೀರಿ ಎಂದಾಗಲೂ ತಡವರಿಸಲಿಲ್ಲ. ಕರಾವಳಿ ಕಾವಲು ಪಡೆಯ 1554 ಸಂಖ್ಯೆ ದೋಣಿಯ ಒಳಗೋಡೆಯಲ್ಲೇ ಬರೆದಿತ್ತು.

ನಂತರ ಉಸಿರಾಟದ ಸಲಕರಣೆ. ಸಿಲಿಂಡರಿನ ಒತ್ತಡ 200 ಬಾರ್ ಹತ್ತಿರ ಇರಬೇಕು. ಸಿಲಿಂಡರಿನ ಗಾಳಿಯನ್ನು ಬಾಯಿಗೆ ತಲುಪಿಸುವ ರೆಗ್ಯುಲೇಟರನ್ನು ಬಾಯಿಗಿಟ್ಟು, ಗೇಜಿನ ಮುಳ್ಳನ್ನೇ ನೋಡುತ್ತಾ ನಾಲ್ಕಾರು ಸಲ ಉಸಿರೆಳೆಯಬೇಕು. ಪ್ರತಿ ಉಸಿರಿಗೂ ಮುಳ್ಳು ಕೆಳಗೆ ಬಿದ್ದು ಮೇಲೇಳುತ್ತಿದ್ದರೆ ಕವಾಟ ಪೂರ್ತಿ ತೆರೆದಿಲ್ಲ ಎಂದರ್ಥ. ಗಾಳಿಗೆ ಯಾವ ವಾಸನೆಯೂ ಇರಬಾರದು. ಎಣ್ಣೆಯದೋ ಹೊಗೆಯದೋ ವಾಸನೆ ಬಂದರೆ ಕಂಪ್ರೆಸರಿನಲ್ಲಿ ದೋಷವಿದೆ, ಆ ಸಿಲಿಂಡರ್ ಬೇಡವೇ ಬೇಡ. ಕಾಫಿಯ ವಾಸನೆಯಲ್ಲೇ ಅದರ ಹದ ಹೇಳುವ ನನ್ನ ಬಾವ ಪ್ರತಿಯೊಬ್ಬರ ರೆಗ್ಯುಲೇಟರನ್ನೂ ತಾನೇ ಮೂಸಿ ನೋಡಿದ. ಬೋಟಿನ ಹುಡುಗರು ಅದನ್ನು ಗೌರವದಿಂದಲೇ ನೋಡಿದರು, ನನಗೆ ಅದು ಬಹಳ ಹಿಡಿಸಿತು.

ತಲೆ ಎಣಿಕೆಯ ಬಗ್ಗೆಯೂ ನಾನು ಬಿಡದೆ ಕೇಳುತ್ತೇನೆ. 1998ರಲ್ಲಿ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ಅಮೆರಿಕದ ದಂಪತಿಯನ್ನು ನೀರಿನಲ್ಲೇ ಬಿಟ್ಟು ದೋಣಿ ದಡಕ್ಕೆ ಮರಳಿತು. ಅವರ ಚೀಲ ದೋಣಿಯಲ್ಲೇ ಉಳಿದಿದ್ದರೂ ಅವರಿಲ್ಲವೆಂದು ಗೊತ್ತಾಗಲು ಎರಡು ದಿನ ಹಿಡಿಯಿತು. ಅವರು ಮತ್ತೆ ಸಿಗಲಿಲ್ಲ. ನಾವು ಹೋದ ದೋಣಿಯಲ್ಲಿ ಹತ್ತುವಾಗ ಒಮ್ಮೆ, ದ್ವೀಪ ಬಿಡುವ ಮೊದಲು ಒಮ್ಮೆ ಹೆಸರು ಕೂಗಿ, ಪ್ರತಿಯೊಬ್ಬರೂ 'ಇದ್ದೇನೆ' ಎಂದ ಮೇಲೆಯೇ ಎಂಜಿನ್ ಶುರು ಮಾಡಿದರು.

ನೀರಿನಲ್ಲಿ ಹೊಸಬರೊಬ್ಬರಿಗೆ ಒಬ್ಬ ತರಬೇತುದಾರ ಇರಬೇಕು ಎಂಬುದು ನನ್ನ ಷರತ್ತು. ಹೊಳೆಯಲ್ಲಿ ಈಜಿ ಬೆಳೆದವರಿಗೂ ಇದು ಬೇಕು, ಏಕೆಂದರೆ ಈಜುಗಾರನಿಗೆ ಉಸಿರು ಹಿಡಿಯುವುದು ಅಭ್ಯಾಸ, ಡೈವಿಂಗ್‌ನಲ್ಲಿ ಮಾಡಲೇಬಾರದ ಕೆಲಸ ಅದೇ. ಹವಳದ ಮೇಲೆ ಕಾಲಿಡಬೇಡಿ, ಏನನ್ನೂ ಮುಟ್ಟಬೇಡಿ ಎಂದು ಇಳಿಯುವ ಮೊದಲೇ ಗದರಿಸುವವರಿದ್ದರೆ ಇನ್ನೂ ಒಳ್ಳೆಯದು. ನಾವು ಇಳಿದಾಗ ಚಿಟ್ಟೆ ಮೀನು, ಗಿಳಿ ಮೀನುಗಳು ಬಂಡೆಯ ಸಂದಿಯಲ್ಲಿ ಹತ್ತಿರವೇ ಓಡಾಡುತ್ತಿದ್ದವು. ಯಾರೂ ತಿಂಡಿ ಹಾಕಿ ಕರೆಯಬೇಕಾಗಿರಲಿಲ್ಲ.

ಈಗ ನಮ್ಮ ಕ್ರಮ ಹೀಗಿದೆ. ಶುಕ್ರವಾರ ಅರ್ಧ ದಿನ ರಜೆ ಹಾಕಿ ಹೊರಟು ರಾತ್ರಿ ಮುರುಡೇಶ್ವರದಲ್ಲಿ ಚೆನ್ನಾಗಿ ನಿದ್ದೆ, ಶನಿವಾರ ಬೆಳಿಗ್ಗೆ ಡೈವ್, ಆ ರಾತ್ರಿ ಕರಾವಳಿಯಲ್ಲೇ ವಾಸ. ಭಾನುವಾರ ಊಟ ಮುಗಿಸಿ ಊರ ಕಡೆ ಹೊರಟರೆ ಘಟ್ಟ ಹತ್ತುವ ಹೊತ್ತಿಗೆ 18 ಗಂಟೆ ಕಳೆದು ಎಷ್ಟೋ ಹೊತ್ತಾಗಿರುತ್ತದೆ. ಶನಿವಾರದ ದೋಣಿ ರದ್ದಾದರೆ ಭಾನುವಾರದ ದೋಣಿಗೆ ಹೋಗುವುದು ಸೋಮವಾರ ರಜೆ ಸಿಕ್ಕವರು ಮಾತ್ರ, ಅವರು ಆ ರಾತ್ರಿ ಸುಳ್ಯದಲ್ಲಿ ಉಳಿಯುತ್ತಾರೆ. ಉಳಿದವರು ಹಣ ವಾಪಸ್ ಪಡೆದು ಮನೆಗೆ ಹೊರಡುತ್ತಾರೆ.